ಹಳೆಯ ಹಕ್ಕಿಪಂಜರಗಳನ್ನು ಕುರಿತು ಒಂದೆರಡು ಮಾತು



ಹಳೆಯ ಮನೆಬಳಕೆಯ ವಸ್ತುಗಳಿಗಾಗಿ ನಮ್ಮ ಶಾಲೆಯಲ್ಲಿ ಒಂದು ಕೋಣೆಯನ್ನು ಬಿಟ್ಟುಕೊಡಬೇಕೆಂದು ನಿರ್ಧರಿಸಿದಂದಿನಿಂದ ಬೀಸುವ ಕಲ್ಲು, ಒನಕೆ, ಲಾಂದ್ರ, ತಾಮ್ರದ ಹಂಡೆ ಮುಂತಾದುವು ಒಂದೊಂದಾಗಿ ಬಂದು ಸೇರುತ್ತಿವೆ. ಅವುಗಳ ಜೊತೆಯಲ್ಲಿ ಮೂರು ಹಕ್ಕಿಯ ಪಂಜರಗಳೂ ಬಂದಿವೆ. ಮಿಕ್ಕ ವಸ್ತುಗಳ ವಿಷಯದಲ್ಲಿ ಯಾರಿಗೂ ಭಿನ್ನಾಭಿಪ್ರಾಯ ಉಂಟಾಗಲಿಲ್ಲ. ಪಂಜರಗಳ ವಿಷಯದಲ್ಲಿ ಮಾತ್ರ ಉಂಟಾಯಿತು. ಅವುಗಳಲ್ಲಿ ಜೋಡಿ ಹಕ್ಕಿಗಳನ್ನು ಸಾಕಿದರೆ ಚಿಕ್ಕ ಮಕ್ಕಳಿಗೆ ಸಂತೋಷವೆಂದು ಕೆಲವರು. ಬಣ್ಣ ಬಳಿದು, ಬಳ್ಳಿ ಹಬ್ಬಿಸಿ, ಹೊರಬಾಗಿಲಲ್ಲಿ ತೂಗುಹಾಕಬೇಕೆಂದು ಕೆಲವರು. ವಿದ್ಯಾಮಂದಿರದಲ್ಲಿ, ಅದರಲ್ಲಿಯೂ ಹೆಣ್ಣುಮಕ್ಕಳ ಶಾಲೆಯಲ್ಲಿ, ಪಂಜರವೆಂಬುದು ಸರ್ವಥಾ ಕೂಡದೆಂದು ಮತ್ತೆ ಕೆಲವರು. ನನ್ನ ಅಭಿಪ್ರಾಯ ಈ ಮೂರರಲ್ಲಿ ಯಾವುದಕ್ಕೂ ಸೇರದು. ಪಂಜರವನ್ನು ಇಟ್ಟುಕೊಳ್ಳೋಣ, ಬರಿದಾಗಿಯೇ ಇಟ್ಟುಕೊಳ್ಳೋಣ, ಪಂಜರವಾಗಿಯೇ ಇಟ್ಟುಕೊಳ್ಳೋಣ.

ಪಂಜರವು ನಮ್ಮ ನಾಡಿಗೆ ಹೊಸದಲ್ಲ. ಗಿಳಿಗೂ ಸಾರಿಕೆಗೂ ಮಾತು ಕಲಿಸುವುದನ್ನು ಪ್ರಾಚೀನರು ೬೪ ಕಲೆಗಳಲ್ಲಿ ಒಂದೆಂದು ಎಣಿಸಿದ್ದರು. ಬಾಣಭಟ್ಟನು ಸಂಸ್ಕೃತದಲ್ಲಿ ಬರೆದು, ನಾಗವರ್ಮನು ಕನ್ನಡಕ್ಕೆ ತಂದ ಕಾದಂಬರಿಯಲ್ಲಿ ವೈಶಂಪಾಯನನೆಂಬ ಗಿಳಿಯು ಶೂದ್ರಕರಾಜನ ಆಸ್ಥಾನಕ್ಕೆ ಬರುವುದು ಚಿನ್ನದ ಪಂಜರದಲ್ಲಿ. ಆ ದೊಡ್ಡ ಕಥೆಯನ್ನು ಹೇಳತೊಡಗುವುದೂ ಆ ಸೆರೆಯ ಗಿಳಿಯೇ. ಮಧುರೆಯ ಮೀನಾಕ್ಷಿ ದೇವಾಲಯದಲ್ಲಿ ಗಿಳಿಗೂಡಿನ ಮಂಟಪವೆಂದೇ ಹೆಸರು ಪಡೆದ ಮಂಟಪವೊಂದುಂಟು. ಹಿಂದೆ ಅಲ್ಲಿ ಗಿಳಿಗಳನ್ನಿಟ್ಟು ದೇವಿಯ ಹೆಸರನ್ನು ಉಚ್ಚರಿಸಲು ಕಲಿಸುತ್ತಿದ್ದರು. ಆದರೆ ೧೧೧೭ರಲ್ಲಿ ಪ್ರತಿಷ್ಠಿತವಾದ ಬೇಲೂರಿನ ಚೆನ್ನಕೇಶವ ದೇವಾಲಯದ ಶುಕಭಾಷಿಣಿಯನ್ನು ನೋಡಿರಿ. ಅವಳು ಗಿಳಿಯನ್ನು ಕೈಯ ಮೇಲೆ ಕುಳ್ಳಿರಿಸಿಕೊಂಡು ಮಾತನಾಡಿಸುತ್ತಾಳೆ. ಶಿಲ್ಪಿಗೆ ಅಲ್ಲಿ ಪಂಜರವು ಬೇಕೆನಿಸಲಿಲ್ಲ. ಬಸವಣ್ಣನವರಂತೂ ಒಂದು ವಚನದಲ್ಲಿ, ಪಂಜರವು ಗಟ್ಟಿಯಾಗಿದೆಯೆಂದು ನಂಬಿ ನಿರ್ಭಯವಾಗಿ ಓದುತ್ತಿರುವ ಗಿಳಿಯನ್ನೇ ಕರೆದು, ಬೆಕ್ಕು ಬಂದಾಗ ಆ ಪಂಜರವು ನಿನ್ನನ್ನು ಕಾಯುವುದೇ ಎಂಬರ್ಥದ ಪ್ರಶ್ನೆಯನ್ನು ಕೇಳುತ್ತಾರೆ. ನಮ್ಮ ಸತ್ಯವೇದದಲ್ಲಿಯೂ ಪ್ರವಾದಿಯಾದ ಯೆರೆಮೀಯನು ಮೋಸದಿಂದ ತುಂಬಿದ ಐಶ್ವರ್ಯವಂತರ ಮನೆಗಳನ್ನು ಹೋಲಿಸುವುದು ಹಕ್ಕಿಗಳಿಂದ ತುಂಬಿದ ಪಂಜರಕ್ಕೆ.

ಯೂರೋಪಿಗೆ ನಮ್ಮ ಗಿಳಿಯ ಪರಿಚಯವಾದದ್ದು ಬಹು ಹಿಂದೆ. ಅಲೆಕ್ಸಾಂಡರನ ದಂಡಯಾತ್ರೆಯ ಸ್ಮರಣೆಯು ಇಂದಿಗೂ ನಮ್ಮ ದೊಡ್ಡ ಜಾತಿಯ ಗಿಳಿಯ ಇಂಗ್ಲಿಷ್ ಹೆಸರಿನಲ್ಲಿ ಉಳಿದಿದೆ. ತರುವಾಯ ಹದಿನೈದನೆಯ ಶತಮಾನದಲ್ಲಿ ಸ್ಪೇನಿನವರು ಕೆನರಿ ದ್ವೀಪಗಳನ್ನು ಗೆದ್ದುಕೊಂಡ ಮೇಲೆ ಅಲ್ಲಿಯ ಹಾಡುಹಕ್ಕಿಯು ಮನೆಮನೆಗೆ ಬಂದಿತು. ಜರ್ಮನಿಯ ಹಾರ್ಟ್ಸ್ ಬೆಟ್ಟಗಳ ಗಣಿ ಕೆಲಸದವರು ಈ ಹಕ್ಕಿಗಳನ್ನು ಸಾಕಿ, ಕಡ್ಡಿಗಳಿಂದ ಸಣ್ಣ ಮರದ ಗೂಡುಗಳನ್ನು ಮಾಡಿ, ಅವುಗಳಲ್ಲಿಯೇ ದೂರದೇಶಗಳಿಗೆ ಮಾರಾಟಕ್ಕೆ ಕಳುಹಿಸುತ್ತಿದ್ದರು. ೧೮೪೦ರಲ್ಲಿ ಜಾನ್ ಗೌಲ್ಡನು ಆಸ್ಟ್ರೇಲಿಯದಿಂದ ಇಂಗ್ಲೆಂಡಿಗೆ ಜೀವಂತವಾಗಿ ತಂದ ಪುಟ್ಟ ಗಿಳಿಯೇ ಇಂದು ನಮ್ಮ ಊರಿನ ಅಂಗಡಿಗಳಲ್ಲಿ ಲವ್ ಬರ್ಡ್ಸ್ ಎಂಬ ತಪ್ಪು ಹೆಸರಿನಿಂದ ಮಾರಾಟವಾಗುವ ಹಕ್ಕಿ. ಯಂತ್ರದಿಂದ ಎಳೆದ ತಂತಿಯು ಅಗ್ಗವಾದ ಮೇಲೆ ಪಂಜರವು ಶ್ರೀಮಂತರ ಸೊತ್ತಾಗಿ ಉಳಿಯಲಿಲ್ಲ.

ಆ ಕಾಲದ ಹಿತ್ತಾಳೆಯ ಪಂಜರಗಳು ಸುಂದರವಾದುವೆಂಬುದರಲ್ಲಿ ಸಂದೇಹವಿಲ್ಲ. ಒಂದಕ್ಕೆ ಗುಮ್ಮಟ, ಒಂದಕ್ಕೆ ಗೋಪುರ, ಮತ್ತೊಂದಕ್ಕೆ ಅರಮನೆಯ ಕಮಾನು. ಆದರೆ ಆ ಸೌಂದರ್ಯವೆಲ್ಲವೂ ಹೊರಗೆ ನಿಂತು ನೋಡುವವರಿಗಾಗಿ ಕಲ್ಪಿತವಾದದ್ದು. ಹಕ್ಕಿಯು ಅಡ್ಡಲಾಗಿ ಹಾರುತ್ತದೆಯೇ ಹೊರತು ಧ್ವಜಸ್ತಂಭದಂತೆ ನೆಟ್ಟಗೆ ಏರುವುದಿಲ್ಲ. ಅದಕ್ಕೆ ಬೇಕಾದದ್ದು ಉದ್ದ, ಕಮ್ಮಟಗಾರನು ಕೊಟ್ಟದ್ದು ಎತ್ತರ. ದುಂಡು ಪಂಜರದಲ್ಲಿ ಹೆದರಿದ ಹಕ್ಕಿಗೆ ಒತ್ತಿಕೊಂಡು ಕೂರಲು ಒಂದು ಮೂಲೆಯೂ ಇರುವುದಿಲ್ಲ. ನಮ್ಮ ಸಾಮಾನ್ಯ ಗಿಳಿಯು ರೆಕ್ಕೆಗಳನ್ನು ಪೂರ್ಣವಾಗಿ ಬಿಚ್ಚಿದರೆ ಹೆಚ್ಚುಕಡಿಮೆ ಒಂದೂವರೆ ಅಡಿಯಾಗುತ್ತದೆ. ನಮ್ಮ ಕೋಣೆಗೆ ಬಂದಿರುವ ಕಬ್ಬಿಣದ ಪಂಜರದ ಅಗಲವು ಒಂದಡಿಗೆ ಎರಡಂಗುಲ ಕಡಿಮೆ. ಅಳತೆಪಟ್ಟಿಯನ್ನು ಹಿಡಿದು ಈ ಲೆಕ್ಕವನ್ನು ಕಂಡುಕೊಂಡವರು ಆರನೆಯ ತರಗತಿಯ ಹುಡುಗಿಯರು, ನಾನು ಹೇಳಿಕೊಟ್ಟದ್ದಲ್ಲ.

ಹಕ್ಕಿಯ ಉಸಿರನ್ನು ನೆನೆದು ಮಾಡಿದ ಪಂಜರವೊಂದು ಇಲ್ಲದೆ ಇಲ್ಲ. ಕಲ್ಲಿದ್ದಲ ಗಣಿಗಳಲ್ಲಿ ವಿಷವಾಯುವಿನ ಸುಳಿವನ್ನು ತಿಳಿಯಲು ಕೆನರಿಯನ್ನು ಒಯ್ಯಬಹುದೆಂದು ೧೮೯೦ರ ದಶಕದಲ್ಲಿ ಸೂಚಿಸಿದವನು ಜೆ. ಎಸ್. ಹಾಲ್ಡೇನ್ ಎಂಬ ವಿಜ್ಞಾನಿ. ಬ್ರಿಟನ್ನಿನಲ್ಲಿ ಈ ಪದ್ಧತಿಯು ೧೯೮೬ರವರೆಗೂ ನಡೆಯಿತು. ಇದಕ್ಕಾಗಿ ಮಾಡಿದ ಸಣ್ಣ ಪೆಟ್ಟಿಗೆಯ ಮೇಲೆ ಪ್ರಾಣವಾಯುವಿನ ಒಂದು ಕೊಳವೆ ಇರುತ್ತಿತ್ತು. ಹಕ್ಕಿಯು ಮೂರ್ಛೆಗೊಂಡೊಡನೆ ಬಾಗಿಲನ್ನು ಮುಚ್ಚಿ, ತಿರುಪನ್ನು ತಿರುಗಿಸಿ, ಅದನ್ನು ಬದುಕಿಸಿಕೊಳ್ಳುತ್ತಿದ್ದರು. ನೋಡಲು ಅದರಲ್ಲಿ ಅಂದವೇನೂ ಇಲ್ಲ. ನನಗೆ ಮಾತ್ರ ಯಾವ ಗುಮ್ಮಟದ ಪಂಜರಕ್ಕಿಂತಲೂ ಅದರ ಮೇಲೆಯೇ ಗೌರವ ಹೆಚ್ಚು.

ಈಗ ಸಂಗ್ರಹದ ಮಾತು. ೧೮೮೪ರಲ್ಲಿ ಸ್ಥಾಪಿತವಾದ ನಮ್ಮ ಪೇಟೆಯ ಬಟ್ಟೆ ಗಿರಣಿಯು ಮುಚ್ಚಿಹೋಗಿ, ಆ ನೆಲದಲ್ಲಿ ಬಹು ಅಂತಸ್ತಿನ ವಸತಿಗೃಹಗಳು ಎದ್ದಿರುವುದಷ್ಟೆ. ಹಳೆಯ ಚಿಕ್ಕ ಮನೆಗಳಿಂದ ತುಕ್ಕುಹಿಡಿದ ಪಂಜರಗಳು ಗುಜರಿಗೆ ಹೋಗುತ್ತಿರುವಾಗಲೇ, ಹೊಸ ಮನೆಗಳ ಮೊಗಸಾಲೆಗಳಿಗೆ ಪ್ರಾಚೀನವೆಂಬ ಹೆಸರಿನಲ್ಲಿ ಬೇರೆ ಪಂಜರಗಳು ಬಂದು ತೂಗುತ್ತಿವೆ. ಇವುಗಳಲ್ಲಿ ಎಷ್ಟೋ ಈಚೆಗೆ ತಯಾರಾಗಿ, ರಾಸಾಯನಿಕಗಳಿಂದ ಮುದಿತನವನ್ನು ಪಡೆದಂಥವು. ಕೊಳ್ಳುವವರು ನೋಡತಕ್ಕದ್ದು ಹೊಳಪನ್ನಲ್ಲ, ಸವೆತವನ್ನು. ಹಕ್ಕಿ ಬಾಳಿದ ಪಂಜರದಲ್ಲಿ ಅಡ್ಡಕಡ್ಡಿಯ ನಡುಭಾಗ ನುಣುಪಾಗಿರುತ್ತದೆ. ಚಿಲಕದ ಬಳಿ ಮನುಷ್ಯರ ಬೆರಳು ಸವೆಸಿದ ಗುರುತು, ಕಾಳಿನ ಬಟ್ಟಲಿನ ಸುತ್ತ ಕೊಕ್ಕು ಕಡಿದ ಗುರುತು ಇರುತ್ತದೆ. ನಕಲಿಯಲ್ಲಿ ಕಿಲುಬು ಎಲ್ಲ ಕಡೆಯೂ ಒಂದೇ ಸಮನಾಗಿರುತ್ತದೆ. ಮೇದರು ಹೆಣೆದ ಬಿದಿರಿನ ಗೂಡು ಸಿಕ್ಕಿದರಂತೂ ಬಿಡಬೇಡಿರಿ. ಗೆದ್ದಲಿಗೂ ಒಲೆಗೂ ತಪ್ಪಿಸಿಕೊಂಡು ಉಳಿದಂಥವು ಬಹಳ ಕಡಿಮೆ. ಹುಣಿಸೆಹಣ್ಣು ಹಾಕಿ ಉಜ್ಜುವ ನಮ್ಮ ಗೃಹಿಣಿಯರ ಉತ್ಸಾಹವನ್ನು ನಾನು ಬಲ್ಲೆ. ದಯವಿಟ್ಟು ಹಳೆಯ ಪಂಜರವನ್ನು ಹಾಗೆ ಉಜ್ಜಬೇಡಿರಿ, ಚರಿತ್ರೆಯೆಲ್ಲ ಬಚ್ಚಲಿಗೆ ಹೋದೀತು.

ಹಾಗೆ ಕೊಂಡ ಪಂಜರದಲ್ಲಿ ಹಕ್ಕಿಯನ್ನು ಮಾತ್ರ ಇಡಲೇಕೂಡದು. ಹಳೆಯ ಬೆಸುಗೆಯಲ್ಲಿ ಸೀಸ, ತಂತಿಯ ಲೇಪದಲ್ಲಿ ಸತು ಇರಬಹುದು. ಸರಳನ್ನು ಕಡಿಯುವ ಗಿಳಿಗೆ ಎರಡೂ ವಿಷ. ಶಾಸನದ ಮಾತೂ ಉಂಟು. ೧೯೭೨ನೆಯ ಇಸವಿಯಲ್ಲಿಯೇ ನಮ್ಮ ದೇಶವು ಎರಡು ಶಾಸನಗಳನ್ನು ಮಾಡಿತು. ಒಂದರ ಪ್ರಕಾರ, ನೂರು ವರ್ಷಕ್ಕೆ ಕಡಿಮೆಯಿಲ್ಲದ ಕಲಾವಸ್ತುವು ಪುರಾತನ ವಸ್ತುವೆನಿಸುವುದರಿಂದ ಖಾಸಗಿಯವರು ಅದನ್ನು ಹೊರದೇಶಕ್ಕೆ ಸಾಗಿಸುವಂತಿಲ್ಲ. ವನ್ಯಜೀವಿಗಳನ್ನು ಕುರಿತ ಇನ್ನೊಂದರ ಪ್ರಕಾರ, ಮುಖ್ಯವಾಗಿ ೧೯೯೧ರ ತಿದ್ದುಪಡಿಯ ತರುವಾಯ, ನಮ್ಮ ನಾಡಿನ ಗಿಳಿಯನ್ನು ಹಿಡಿಯುವುದೂ ಮಾರುವುದೂ ಸಾಕುವುದೂ ಅಪರಾಧ. ಪಂಜರಕ್ಕೂ ಗಿಳಿಗೂ ಒಂದೇ ವರ್ಷದಲ್ಲಿ ಬೇರೆ ಬೇರೆ ರಕ್ಷಣೆ ದೊರೆಯಿತೆಂಬುದು ನನಗೆ ಬಹಳ ಹಿಡಿಸಿದ ವಿಷಯ. ಹೀಗಿದ್ದರೂ ನಮ್ಮ ಬೀದಿಗಳಲ್ಲಿ ಗಿಳಿಯಿಟ್ಟ ಮನೆಗಳು ಇನ್ನೂ ಉಂಟು. ಅವು ನಿರ್ದಯರ ಮನೆಗಳಲ್ಲ. ಆ ಗಿಳಿಗೆ ಹೆಸರಿಟ್ಟು, ತಾವು ಉಣ್ಣುವ ಮೊದಲು ಅದಕ್ಕೆ ಹಣ್ಣು ಕೊಡುವವರ ಮನೆಗಳು. ಪ್ರೀತಿಯಿರುವುದರಿಂದಲೇ ಈ ಮಾತನ್ನು ಹೇಳುವುದು ಕಷ್ಟ.

ಹೆಣ್ಣುಮಕ್ಕಳ ಶಾಲೆಯಲ್ಲಿ ಪಂಜರವೇಕೆ ಎಂದವರಿಗೂ ಒಂದು ಮಾತು. ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿಗೆ ಬಂದ ಮಿಶನರಿ ಮಹಿಳೆಯರ ಬರವಣಿಗೆಯಲ್ಲಿ ನಮ್ಮ ಹೆಂಗಸರನ್ನು ಪಂಜರದ ಹಕ್ಕಿಗಳೆಂದು ವರ್ಣಿಸುವ ರೂಢಿಯಿತ್ತು. ಅವರ ಶಾಲೆಗಳ ಉಪ್ಪನ್ನು ಉಂಡವಳು ನಾನು. ಕೃತಜ್ಞತೆಯು ಎಂದಿಗೂ ಕುಂದದು. ಆದರೆ ಆ ಹೋಲಿಕೆಯು ನನಗೆ ಪೂರ್ತಿಯಾಗಿ ಒಪ್ಪಿಗೆಯಿಲ್ಲ. ಗಿರಣಿಯ ಕೂಗಿಗೆ ಎದ್ದು, ಬುತ್ತಿ ಕಟ್ಟಿ, ಕೈಬಳೆಯನ್ನು ಅಡವಿಟ್ಟಾದರೂ ಮಗಳ ಫೀಸನ್ನು ತೆತ್ತ ಈ ಪೇಟೆಯ ಅಜ್ಜಿಯರು ಯಾರೋ ಬಂದು ಬಾಗಿಲು ತೆಗೆಯಲೆಂದು ಕಾದು ಕುಳಿತವರಲ್ಲ. ಇದಕ್ಕಿಂತ ನಮಗೆ ಹತ್ತಿರವಾದದ್ದು ರವೀಂದ್ರನಾಥ ಠಾಕೂರರು ೧೯೧೮ರಲ್ಲಿ ಬರೆದ ಗಿಳಿಯ ಕಥೆ. ರಾಜನು ಗಿಳಿಗೆ ವಿದ್ಯೆ ಕಲಿಸಲು ಆಜ್ಞಾಪಿಸುತ್ತಾನೆ. ಅಕ್ಕಸಾಲಿಗನು ಚಿನ್ನದ ಪಂಜರವನ್ನು ಮಾಡುತ್ತಾನೆ. ಬಂದವರೆಲ್ಲ ಪಂಜರವನ್ನು ಹೊಗಳುತ್ತಾರೆ. ಪಂಡಿತರು ಪುಸ್ತಕದ ಹಾಳೆಗಳನ್ನು ಗಂಟಲಿಗೆ ತುರುಕುತ್ತಾರೆ. ಕೊನೆಗೆ ಗಿಳಿ ಸಾಯುತ್ತದೆ. ಪರೀಕ್ಷೆಯ ಅಂಕಗಳನ್ನೇ ವಿಚಾರಿಸುವ ಪೋಷಕರೂ, ಕಟ್ಟಡದ ನಿಧಿಯನ್ನೇ ಚಿಂತಿಸುವ ನಮ್ಮಂಥ ಉಪಾಧ್ಯಾಯಿನಿಯರೂ ದಿನಕ್ಕೊಮ್ಮೆ ಬರಿದಾದ ಪಂಜರದ ಮುಂದೆ ಹಾದುಹೋದರೆ ನಷ್ಟವೇನೂ ಇಲ್ಲ.

ಆದಕಾರಣ ನಿಮ್ಮಲ್ಲಿ ನನ್ನ ವಿಜ್ಞಾಪನೆ. ಅಟ್ಟದ ಮೇಲೆ ಹಳೆಯ ಪಂಜರವಿದ್ದರೆ ಗುಜರಿಗೆ ಹಾಕದೆ ಶಾಲೆಗೆ ತಂದುಕೊಡಿರಿ. ಅದರ ಜೊತೆಗೆ ಒಂದು ಚೀಟಿಯಲ್ಲಿ ಅದನ್ನು ಕೊಂಡವರು ಯಾರು, ಮನೆಯಲ್ಲಿ ಎಲ್ಲಿ ತೂಗುತ್ತಿತ್ತು, ಯಾವ ಹಕ್ಕಿಯಿತ್ತು, ಅದನ್ನು ಏನೆಂದು ಕರೆಯುತ್ತಿದ್ದಿರಿ ಎಂಬುದನ್ನು ಬರೆದಿಡಿರಿ. ಪಂಜರದಲ್ಲಿ ಈಗಲೂ ಗಿಳಿಯಿದ್ದರೆ ಅವಸರದಿಂದ ಬಾಗಿಲು ತೆರೆದು ಹಾರಿಬಿಡಬೇಡಿರಿ. ರೆಕ್ಕೆಯ ಬಲ ಕುಂದಿದ ಹಕ್ಕಿಯನ್ನು ಹದ್ದು ಕಾಗೆಗಳು ಉಳಿಸುವುದಿಲ್ಲ. ಅರಣ್ಯ ಇಲಾಖೆಗೆ ತಿಳಿಸಿರಿ, ಇಲ್ಲವೆ ಕೆಂಗೇರಿಯ ಕಡೆಯಿರುವ ಪೀಪಲ್ ಫಾರ್ ಅನಿಮಲ್ಸ್ ಸಂಸ್ಥೆಯ ವನ್ಯಜೀವಿ ಚಿಕಿತ್ಸಾಲಯದವರನ್ನು ಕೇಳಿರಿ. ಪಂಜರವನ್ನು ಆಮೇಲೆ ನಮಗೆ ಕೊಡಬಹುದು. ಶಾಲೆಯ ದಿನಗಳಲ್ಲಿ ಸಾಯಂಕಾಲ ೪ ಗಂಟೆಯ ಮೇಲೆ ನಾನು ಕೋಣೆಯಲ್ಲಿಯೇ ಇರುತ್ತೇನೆ.