ಹೇಸ್ಟಿಂಗ್ಸ್ ಬೀದಿಯ ದನಿ

ಅರೀಥಾ ಫ್ರಾಂಕ್ಲಿನ್ ಎಂದರೆ ಎಲ್ಲರಿಗೂ ನೆನಪಾಗುವುದು 1967ರ ‘ರೆಸ್ಪೆಕ್ಟ್’. ನಾನು ಮತ್ತೆ ಮತ್ತೆ ಕೇಳುವುದು ಅದಕ್ಕಿಂತ ಹನ್ನೊಂದು ವರ್ಷ ಹಿಂದಿನ ಧ್ವನಿಮುದ್ರಣವನ್ನು. ಆಗ ಆಕೆಗೆ ಹದಿನಾಲ್ಕು ವರ್ಷ. ಡೆಟ್ರಾಯಿಟ್ ನಗರದ ನ್ಯೂ ಬೆಥೆಲ್ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಹಾಡುತ್ತಿದ್ದಾಳೆ. ಒಂದು ಸ್ವರವನ್ನು ಎಳೆದು ನಿಲ್ಲಿಸಿದೊಡನೆ ಸಭೆಯಿಂದ ಕೂಗು ಏಳುತ್ತದೆ. ಕೂಗು ಎದ್ದಂತೆ ಹುಡುಗಿ ಇನ್ನೂ ಮೇಲೇರುತ್ತಾಳೆ. ಹುಟ್ಟು ಪ್ರತಿಭೆ ಎನ್ನುತ್ತಾರಲ್ಲ, ಅದು ಅರ್ಧ ಮಾತು. ಉಳಿದರ್ಧ ಈ ಕೂಗಿನಲ್ಲಿದೆ.

ಕೂಗಿದವರು ಯಾರು? ದಕ್ಷಿಣದ ಹತ್ತಿ ಹೊಲಗಳನ್ನು ಬಿಟ್ಟು ಕಾರು ಕಾರ್ಖಾನೆಗಳ ಊರಿಗೆ ಬಂದ ಕಪ್ಪುಜನ, ಅವರ ಮಕ್ಕಳು. ಅರೀಥಾ ಅವರ ತಂದೆ ಸಿ. ಎಲ್. ಫ್ರಾಂಕ್ಲಿನ್ ಕೂಡ ಹಾಗೆ ಬಂದವರೇ. 1915ರಲ್ಲಿ ಮಿಸಿಸಿಪ್ಪಿಯಲ್ಲಿ, ಪರರ ಹೊಲವನ್ನು ಪಾಲಿಗೆ ಮಾಡುವವರ ನಡುವೆ ಹುಟ್ಟಿ, ಮೆಂಫಿಸ್, ಬಫಲೋ ಸುತ್ತಿ 1946ರಲ್ಲಿ ಈ ಚರ್ಚಿನ ಪಾದ್ರಿಯಾದರು. ಅವರ ಪ್ರವಚನ ಮಾತಿನಿಂದ ಶುರುವಾಗಿ ಕೊನೆಗೆ ಹಾಡೇ ಆಗಿಬಿಡುತ್ತಿತ್ತು. ತಾಯಿ ಬಾರ್ಬರಾ ಸಹ ಗಾಯಕಿ. ಮಗಳಿಗೆ ಹತ್ತು ತುಂಬುವ ಮೊದಲೇ ತೀರಿಕೊಂಡರು.

ಮುಂಬಯಿಯ ರಾತ್ರಿಶಾಲೆ, ಭಜನಾ ಮಂಡಳಿಗಳನ್ನು ಕಂಡ ನಮಗೆ ಇಂಥ ಜಾಗದ ಬೆಲೆ ಗೊತ್ತು. ಆದರೆ ನಮ್ಮ ಹಿರಿಯರು ಕೈಗೆಟುಕುವ ಬಾಡಿಗೆ ನೋಡಿ ಖೋಲಿ ಹಿಡಿದರು. ಅಲ್ಲಿ ಬಾಡಿಗೆ ಕೈಗೆಟುಕಿದರೂ ಬಿಳಿಯರ ಬೀದಿಯಲ್ಲಿ ಕಪ್ಪುಜನರಿಗೆ ಮನೆ ಸಿಗುತ್ತಿರಲಿಲ್ಲ. ಹೀಗಾಗಿ ವೈದ್ಯರು, ಕೂಲಿಗಳು, ಪಾದ್ರಿಗಳು, ಜೂಜುಕೋರರು ಎಲ್ಲರಿಗೂ ಹೇಸ್ಟಿಂಗ್ಸ್ ಬೀದಿಯೇ ಗತಿ. ಅದೇ ಬೀದಿಯಲ್ಲಿ ಜೋ ವಾನ್ ಬ್ಯಾಟಲ್ ಎಂಬವರ ರೆಕಾರ್ಡ್ ಅಂಗಡಿ. ಶನಿವಾರ ರಾತ್ರಿಯ ಬ್ಲೂಸ್, ಭಾನುವಾರದ ಪ್ರವಚನ ಎರಡನ್ನೂ ಮುದ್ರಿಸಿದ ಪುಣ್ಯಾತ್ಮ! ಹದಿನಾಲ್ಕರ ಅರೀಥಾಳನ್ನು ಮೊದಲು ಮುದ್ರಿಸಿದವರೂ ಇವರೇ.

ಆಮೇಲೆ ಹೆದ್ದಾರಿ ಬಂತು. ಕೊಳೆಗೇರಿ ತೆರವು ಎಂದು ಕಾಗದದಲ್ಲಿ ಬರೆದರು. ಮನೆ, ಅಂಗಡಿ, ಕ್ಲಬ್ಬು, ಚರ್ಚು ಎಲ್ಲ ಉರುಳಿದವು. ಬಾಡಿಗೆದಾರರಿಗೆ ಪರಿಹಾರ ಎಂಬುದು ಹೆಸರಿಗೂ ಸರಿಯಾಗಿ ಇರಲಿಲ್ಲ. ನ್ಯೂ ಬೆಥೆಲ್ 1963ರಲ್ಲಿ ಲಿನ್‌ವುಡ್ ರಸ್ತೆಯ ಹಳೆಯ ಚಿತ್ರಮಂದಿರವೊಂದನ್ನು ಚರ್ಚಾಗಿಸಿಕೊಂಡಿತು. ಬ್ಯಾಟಲ್ ಹನ್ನೆರಡನೇ ಬೀದಿಗೆ ಅಂಗಡಿ ಸಾಗಿಸಿದರು; 1967ರ ದಂಗೆಯಲ್ಲಿ ಅದೂ ಹೋಯಿತು, ಟೇಪುಗಳೂ ಹೋದವು. ‘ರೆಸ್ಪೆಕ್ಟ್’ ದೇಶದಲ್ಲೆಲ್ಲ ಮೊಳಗುತ್ತಿದ್ದ ಬೇಸಿಗೆಯದು.

ಡೆಟ್ರಾಯಿಟ್‌ನ ಜನಸಂಖ್ಯೆ 1950ರಲ್ಲಿ 18 ಲಕ್ಷ ದಾಟಿತ್ತು. 2020ರಲ್ಲಿ ಸುಮಾರು 6.4 ಲಕ್ಷ. ಅರೀಥಾ ಮಾತ್ರ ಕೊನೆಗೆ ಊರಿಗೇ ಮರಳಿದರು. 2018ರ ಆಗಸ್ಟ್‌ನಲ್ಲಿ ಅಲ್ಲೇ ತೀರಿಕೊಂಡರು. ಅಂತಿಮ ದರ್ಶನಕ್ಕೆ ಅವರನ್ನು ಒಂದು ದಿನ ಲಿನ್‌ವುಡ್‌ನ ಚರ್ಚಿಗೂ ತಂದರು. ಹೇಸ್ಟಿಂಗ್ಸ್ ಬೀದಿ ಇದ್ದಲ್ಲಿ ತಗ್ಗಿನ ಹೆದ್ದಾರಿಯಲ್ಲಿ ಕಾರುಗಳು ಓಡುತ್ತವೆ.