ಕೂಡಿ ಕಲಿಯಬೇಕಾದ ವಿದ್ಯೆ

ಶಿವಮೊಗ್ಗದಿಂದ ಸಾಗರದ ರಸ್ತೆಯಲ್ಲಿ ಹೊರಟವರಿಗೆ ಮೊದಲು ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯೂ, ನಗರದಿಂದ ಸುಮಾರು 10 ಕಿಲೋಮೀಟರಿನಲ್ಲಿ ತ್ಯಾವರೆಕೊಪ್ಪದ ಹುಲಿ-ಸಿಂಹಧಾಮವೂ ಸಿಕ್ಕುವುವು. ಧಾಮದ ಮೃಗಗಳ ಆರೈಕೆ ಪಶುವೈದ್ಯರದು. ಮನುಷ್ಯವೈದ್ಯವನ್ನು ಕಲಿಯುವ ತರುಣರು ಅಲ್ಲಿಗೆ ಹೋಗುವುದು ಬಹುಮಟ್ಟಿಗೆ ಹುಲಿಯನ್ನು ನೋಡುವುದಕ್ಕೆ, ಪಾಠಕ್ಕಲ್ಲ. ಈ ಅಗಲಿಕೆಯು ನಮ್ಮ ಜಿಲ್ಲೆಗೆ ಸಲ್ಲತಕ್ಕುದಲ್ಲವೆಂದು ನಮ್ಮ ಅಭಿಪ್ರಾಯ.

ಯಾಕೆಂದರೆ, ಮಂಗನ ಕಾಯಿಲೆಯ ಮೂಲಸ್ಥಾನವೇ ನಮ್ಮದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ ಮಂಗಗಳೂ ಮನುಷ್ಯರೂ ಸಾಯತೊಡಗಿದಾಗ ಅದು ಲೋಕಕ್ಕೆ ಗೊತ್ತಾಯಿತು. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನವರು ಪಟ್ಟ ಪಾಡನ್ನು ವಾಚಕರು ಮರೆತಿರಲಾರರು.

ಆ ರೋಗದ ನಡೆಯನ್ನು ನೋಡಿರಿ. ಸತ್ತ ಮಂಗನ ಮೈಯಿಂದ ಉಣುಗುಗಳು ನೆಲಕ್ಕಿಳಿದು, ಸೌದೆಗೋ ದರಗಿಗೋ ಹೋದವನನ್ನು ಕಚ್ಚುವುವು. ಮಂಗನ ಹೆಣವನ್ನು ಪರೀಕ್ಷಿಸತಕ್ಕವನು ಪಶುವೈದ್ಯ; ಜ್ವರವನ್ನು ಗುರುತಿಸತಕ್ಕವನು ವೈದ್ಯ; ರಕ್ತಪರೀಕ್ಷೆ ಪ್ರಯೋಗಶಾಲೆಯವರದು; ರಾತ್ರಿ ರೋಗಿಯ ವಸಡಿನಲ್ಲಿ ರಕ್ತ ಒಸರುವುದನ್ನು ಮೊದಲು ಕಾಣುವವಳು ದಾದಿ; ಮೈಕೈ ನೋವಿಗೆಂದು ಆಸ್ಪಿರಿನ್ ಕೇಳಿ ಬಂದವನಿಗೆ, ಅದು ರಕ್ತಸ್ರಾವವನ್ನು ಹೆಚ್ಚಿಸೀತೆಂದು ತಡೆಯತಕ್ಕವನು ಔಷಧದಂಗಡಿಯವನು. ಪಶುವೈದ್ಯ ಕಾಲೇಜು ಬೀದರದ ವಿಶ್ವವಿದ್ಯಾಲಯಕ್ಕೂ, ವೈದ್ಯಕೀಯ ಸಂಸ್ಥೆಯು ಬೆಂಗಳೂರಿನ ರಾಜೀವ್ ಗಾಂಧಿ ವಿಶ್ವವಿದ್ಯಾಲಯಕ್ಕೂ ಸೇರಿವೆ. ಒಂದೇ ಊರಿನಲ್ಲಿದ್ದೂ ಪಠ್ಯಕ್ರಮ ಬೇರೆ, ಪರೀಕ್ಷೆ ಬೇರೆ, ಮೇಲಧಿಕಾರಿಗಳು ಬೇರೆ. ಮಂಗನಿಗೂ ಉಣುಗಿಗೂ ಈ ಆಡಳಿತಭೇದವು ತಿಳಿಯದೆಂಬುದೊಂದೇ ತೊಂದರೆ!

ಬೇರೆ ಬೇರೆ ವೃತ್ತಿಗಳ ವಿದ್ಯಾರ್ಥಿಗಳು ಒಬ್ಬರಿಂದೊಬ್ಬರು ಕೂಡಿ ಕಲಿಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2010ರಲ್ಲಿಯೇ ಸೂಚಿಸಿತು. ಪಾಠದ ಹೊರೆ ಈಗಾಗಲೇ ಹೆಚ್ಚೆಂದು ಪ್ರಾಧ್ಯಾಪಕರು ಹೇಳಿಯಾರು, ಅದು ಸುಳ್ಳಲ್ಲ. ಪರಂತು ನಾವು ಬೇಡುವುದು ಇನ್ನೊಂದು ಪರೀಕ್ಷೆಯನ್ನಲ್ಲ. ಎಲ್ಲರನ್ನೂ ಒಂದು ಸಭಾಂಗಣದಲ್ಲಿ ತುಂಬಿ ಭಾಷಣ ಮಾಡಿಸುವುದನ್ನಂತೂ ಅಲ್ಲವೇ ಅಲ್ಲ. ಅಲ್ಲಿ ವೈದ್ಯವಿದ್ಯಾರ್ಥಿಗಳು ಪ್ರಶ್ನೆ ಕೇಳುವರು, ದಾದಿಯರು ಹಿಂದಿನ ಸಾಲಿನಲ್ಲಿ ಮೌನವಾಗಿರುವರು. ಈ ರೋಗವು ಸಾಮಾನ್ಯವಾಗಿ ಡಿಸೆಂಬರಿನಿಂದ ಮೇ ತನಕ ಕಾಣುವುದರಿಂದ, ನವೆಂಬರಿನಲ್ಲಿ ಒಂದು ವಾರ ಸಾಕು. ಎಲ್ಲ ವೃತ್ತಿಯವರೂ ಇರುವ ಸಣ್ಣ ತಂಡಗಳು ತ್ಯಾವರೆಕೊಪ್ಪದಲ್ಲಿ ಒಂದು ದಿನ, ಮೆಗ್ಗಾನ್ ಆಸ್ಪತ್ರೆಯಲ್ಲಿ ಒಂದು ದಿನ, ಉಳಿದ ದಿನ ಕಾಡಂಚಿನ ಹಳ್ಳಿಗಳಲ್ಲಿ ಕಳೆದು, ಮಂಗನ ಸಾವಿನಿಂದ ರೋಗಿಯು ಮನೆಗೆ ಮರಳುವವರೆಗಿನ ಪ್ರತಿಯೊಂದು ಹಂತವನ್ನೂ ಚರ್ಚಿಸಲಿ. ಮೊದಲು ಮಾತನಾಡುವ ಸರದಿ ದಾದಿಯದಾಗಲಿ.

ಜಿಲ್ಲಾಧಿಕಾರಿಗಳು ಎರಡು ಕಡೆಯ ಮುಖ್ಯಸ್ಥರನ್ನೂ ಅರಣ್ಯಾಧಿಕಾರಿಗಳನ್ನೂ ಒಂದು ಸಂಜೆ ಕರೆದು ಕುಳ್ಳಿರಿಸಿದರೆ ಇದು ಈ ವರ್ಷವೇ ಆರಂಭವಾದೀತು. ಖರ್ಚೆಂದರೆ ಬಸ್ಸಿನ ಬಾಡಿಗೆ ಮತ್ತು ಬುತ್ತಿಯೂಟ.