ಬೇಲಿಯ ಹೊರಮೈ

‘ಸೈಟು ನನ್ನದು, ದುಡ್ಡು ನನ್ನದು. ಕಾಂಪೌಂಡನ್ನು ಯಾವುದರಲ್ಲಿ ಕಟ್ಟಬೇಕೆಂದು ಹೇಳಲು ಪುರಸಭೆ ಯಾರು?’ ಈ ಮಾತಿನಲ್ಲಿ ಅರ್ಧ ನ್ಯಾಯವಿದೆ. ಬೇಲಿಯ ಒಳಮೈ ಮಾಲೀಕನದು. ಮಲ್ಲಿಗೆ ಹಬ್ಬಿಸಲಿ, ಬಟ್ಟೆ ಒಣಹಾಕಲಿ. ಹೊರಮೈ ಜೊತೆ ಏಗಬೇಕಾದವರು ದಾರಿಹೋಕರು, ಪಕ್ಕದ ಮನೆಯವರು, ಬೀದಿಯಲ್ಲಿ ಚೆಂಡಾಡುವ ಮಕ್ಕಳು. ಅವರಿಗೆ ಪೆಟ್ಟಾಗುವಂತಿದ್ದರೆ ಸ್ಥಳೀಯ ಆಡಳಿತ ನಡುವೆ ಬರಲೇಬೇಕು. ಬರೀ ಕಣ್ಣಿಗೆ ಹಿಡಿಸದಿದ್ದರೆ ಬರಬಾರದು.

ನಮ್ಮ ನಿಯಮಗಳು ಬಹುಮಟ್ಟಿಗೆ ಎತ್ತರವನ್ನೇ ಅಳೆಯುತ್ತವೆ. ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಕಾಂಪೌಂಡ್ ಗೋಡೆ ಮುಂದಿನ ರಸ್ತೆಯ ನಡುಗೆರೆಯ ಮಟ್ಟದಿಂದ 1.5 ಮೀಟರ್ ಮೀರಬಾರದು; 2.4 ಮೀಟರ್‌ವರೆಗೆ ಏರಿಸುವುದಾದರೆ ಮೇಲಿನ 0.9 ಮೀಟರ್ ಜಾಲರಿಯಂತೆ ತೆರೆದಿರಬೇಕು. ಮೂಲೆ ಸೈಟಿನಲ್ಲಿ, ತಿರುವಿನ ಎರಡೂ ಬದಿ 10 ಮೀಟರ್ ಉದ್ದಕ್ಕೆ ಗಟ್ಟಿ ಗೋಡೆ 0.75 ಮೀಟರ್ ಮಾತ್ರ. ಉಳಿದದ್ದು ಬೇಕಿದ್ದರೆ ಕಂಬಿ. ಈ ಕೊನೆಯದು ನನಗೆ ಬಹಳ ಮೆಚ್ಚು. ಇಟ್ಟಿಗೆಯೋ ಕಲ್ಲೋ ಕಬ್ಬಿಣವೋ ಎಂದು ಅದು ಕೇಳುವುದಿಲ್ಲ. ತಿರುಗುವ ಸ್ಕೂಟರಿನವನಿಗೆ ಆಚೆಯ ಮಗು ಕಾಣುತ್ತದೆಯೇ ಎಂದಷ್ಟೇ ನೋಡುತ್ತದೆ.

ಗೋಡೆಯ ತಲೆಗೆ ಸಿಮೆಂಟಿನಲ್ಲಿ ಗಾಜಿನ ಚೂರು ನೆಡುವುದನ್ನೂ ಹೀಗೆಯೇ ನೋಡಬೇಕು. ಕಳ್ಳ ಗೋಣಿಚೀಲ ಹಾಸಿ ದಾಟುತ್ತಾನೆ. ಕೈ ಕೊಯ್ಯುವುದು ಚೆಂಡು ತರಲು ಹತ್ತಿದ ಹುಡುಗನದು. ಇಂಗ್ಲೆಂಡಿನ 1980ರ ಹೆದ್ದಾರಿ ಕಾಯ್ದೆ, ರಸ್ತೆಗೆ ತಗುಲಿದ ಮುಳ್ಳುತಂತಿ ಜನಕ್ಕೋ ಜಾನುವಾರಿಗೋ ಗಾಯ ಮಾಡುವಂತಿದ್ದರೆ ತೆಗೆಸುವ ಅಧಿಕಾರವನ್ನು ಸ್ಥಳೀಯ ಆಡಳಿತಕ್ಕೆ ಕೊಟ್ಟಿದೆ. ಹೊಲದ ನಡುವಿನ ತಂತಿಯ ತಂಟೆಗೆ ಅದು ಹೋಗುವುದಿಲ್ಲ. ಇನ್ನು ಮನೆಯ ಕರೆಂಟನ್ನೇ ನೇರ ಬೇಲಿಗೆ ಕೊಡುವವರ ಬಗ್ಗೆ ಚರ್ಚೆಯೇ ಬೇಡ.

ಕರಾವಳಿಯಲ್ಲಿ ಅಪಾಯದ ರೂಪ ಬೇರೆ. 2024ರ ಜೂನ್‌ನಲ್ಲಿ ಮಂಗಳೂರಿನ ಹತ್ತಿರ ಕುತ್ತಾರಿನಲ್ಲಿ ಪಕ್ಕದ ಕಾಂಪೌಂಡ್ ಮನೆಯ ಮೇಲೆ ಕುಸಿದು ಒಂದೇ ಕುಟುಂಬದ ನಾಲ್ವರು ಸತ್ತರು. ದಿಬ್ಬ ತಗ್ಗುಗಳ ಆ ನೆಲದಲ್ಲಿ ಒಬ್ಬನ ಗೋಡೆಯ ಬುಡ ಇನ್ನೊಬ್ಬನ ಮಾಡಿನ ಮಟ್ಟದಲ್ಲಿರುತ್ತದೆ. ಮಣ್ಣಿಗೆ ಒತ್ತಿಕೊಂಡ ಗೋಡೆಯಲ್ಲಿ ನೀರು ಬಸಿಯಲು ತೂತಿಲ್ಲದಿದ್ದರೆ, ಮುರಕಲ್ಲಾದರೂ ಕಾಂಕ್ರೀಟಾದರೂ ನೆನೆದ ಮಣ್ಣಿನ ಭಾರ ಅದನ್ನು ದೂಡುತ್ತಲೇ ಇರುತ್ತದೆ. ಎತ್ತರ ಅಳೆದು ಹೋಗುವ ಎಂಜಿನಿಯರ್ ಬುಡವನ್ನೂ ನೋಡಬೇಕು.

ಅಂದಕ್ಕಾಗಿ ಮಾಡುವ ನಿಯಮದ ಮಾತೇ ಬೇರೆ. ಅಮೆರಿಕದ ಎಷ್ಟೋ ಊರುಗಳು ಮನೆಯ ಮುಂಭಾಗದಲ್ಲಿ ಕಬ್ಬಿಣದ ಜಾಲರಿ ಬೇಲಿಯನ್ನು ನಿಷೇಧಿಸಿವೆ. ಅದು ಯಾರನ್ನೂ ಗಾಯಗೊಳಿಸದು, ನೋಟವನ್ನೂ ತಡೆಯದು, ಅಗ್ಗ, ಅಷ್ಟೇ. ಬಡಾವಣೆಯ ಚೆಂದಕ್ಕೆಂದು ಮಾಡಿದ ನಿಯಮ ಕೊನೆಗೆ ಬಡವನ ಜೇಬಿಗೇ ಕೈಹಾಕುತ್ತದೆ. ಬಿದಿರಿನ ದಬ್ಬೆ, ದಾಸವಾಳ, ಗ್ಲಿರಿಸಿಡಿಯಾದ ಗೂಟಗಳಿಂದ ಬೇಲಿ ಮಾಡಿಕೊಂಡವನಿಗೆ ಕಲ್ಲುಗೋಡೆ ಕಟ್ಟು ಎನ್ನುವುದು ಅನ್ಯಾಯ. ಇದೇ ಅಳತೆಗೋಲು ಹಿಡಿದರೆ, ಅಂಚು ಮಡಿಚಿ ಗಟ್ಟಿಯಾಗಿ ಕೂರಿಸಿದ ತಗಡಿನ ಬೇಲಿಗೆ ಅಡ್ಡಿಯಿಲ್ಲ. ಬಂಗಲೆಯ ಗೋಡೆಯಿಂದ ಫುಟ್‌ಪಾತಿಗೆ, ನಡೆಯುವವರ ಮುಖದ ಮಟ್ಟಕ್ಕೆ, ಮುಳ್ಳು ಚಾಚಿದ ಬೋಗನ್‌ವಿಲ್ಲಾದ ಮಾಲೀಕರಿಗೇ ನೋಟಿಸ್ ಹೋಗಬೇಕು.